ಗಣಿತವನ್ನೇ ಆರಿಸಿಕೊಂಡ ಗುಮಾಸ್ತರ ಮಗ

ಪ್ರತಿ ವರ್ಷ ಡಿಸೆಂಬರ್ ೨೨ನೆಯ ತಾರೀಖನ್ನು ರಾಷ್ಟ್ರೀಯ ಗಣಿತ ದಿನವೆಂದು ಆಚರಿಸುವ ಪದ್ಧತಿ ನಮ್ಮ ದೇಶದಲ್ಲಿ ೨೦೧೨ರಿಂದ ನಡೆದುಬಂದಿದೆ. ಅದು ಶ್ರೀನಿವಾಸ ರಾಮಾನುಜನ್ ಅವರ ಜನ್ಮದಿನ. ಈ ಮಹಾ ಗಣಿತಜ್ಞರ ಹೆಸರನ್ನು ಕೇಳದವರು ವಿರಳ. ಆದರೆ ಅವರು ಬಡ ಗುಮಾಸ್ತರೊಬ್ಬರ ಮಗನೆಂಬುದನ್ನೂ, ಸ್ವತಃ ಗುಮಾಸ್ತೆಗಿರಿ ಮಾಡಿ ಹೊಟ್ಟೆ ಹೊರೆದವರೆಂಬುದನ್ನೂ, ಕಾಲೇಜುಗಳು ಕೈಬಿಟ್ಟಾಗ ಅವರನ್ನು ಎತ್ತಿಹಿಡಿದವರಲ್ಲಿ ಬಹುಮಂದಿ ಕಚೇರಿಗಳಲ್ಲಿ ದುಡಿಯುತ್ತಿದ್ದವರೆಂಬುದನ್ನೂ ಎಲ್ಲರೂ ಬಲ್ಲರೆಂದು ಹೇಳಲಾಗದು. ಲೋಧಿ ಕಾಲೋನಿಯಲ್ಲಿಯೂ ಅದರ ಸುತ್ತಮುತ್ತಲೂ ನೆಲೆಸಿ, ಕಚೇರಿಗಳಲ್ಲಿಯೂ ಹೋಟೆಲುಗಳಲ್ಲಿಯೂ ದುಡಿಯುತ್ತಿರುವ ನಮ್ಮ ವಾಚಕರ ಮುಂದೆ ಈ ಜೀವನವೃತ್ತಾಂತವನ್ನು ಇಡುವುದು ಉಚಿತವೆಂದು ಭಾವಿಸುತ್ತೇವೆ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು ೨೦೨೦ರ ಹತ್ತನೆಯ ತರಗತಿಯ ಪರೀಕ್ಷೆಯಿಂದ ಗಣಿತಕ್ಕೆ ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಎಂಬ ಎರಡು ಬಗೆಯ ಪ್ರಶ್ನೆಪತ್ರಿಕೆಗಳನ್ನು ಜಾರಿಗೆ ತಂದಿತು. ಪಾಠಕ್ರಮ ಒಂದೇ, ಬೋಧನೆಯೂ ಒಂದೇ; ಪ್ರಶ್ನೆಗಳ ಕಾಠಿಣ್ಯದಲ್ಲಿ ಮಾತ್ರ ಅಂತರ. ಮುಂದೆಯೂ ಗಣಿತವನ್ನು ಓದಬಯಸುವವರಿಗೆ ಮೊದಲನೆಯದು, ಹತ್ತನೆಯ ತರಗತಿಗೇ ಸಾಕೆನ್ನುವವರಿಗೆ ಎರಡನೆಯದು ಎಂಬುದು ಮೂಲ ಉದ್ದೇಶವಾಗಿತ್ತು. ಅನಂತರ ನಿಯಮಗಳು ಸಡಿಲಗೊಂಡದ್ದೂ ಉಂಟು. ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಈ ಆಯ್ಕೆಯ ತೊಡಕು ಹೊಸದೇನಲ್ಲ. ನೆರೆಮನೆಯ ಹುಡುಗ ತೆಗೆದುಕೊಂಡನೆಂದು ಕಠಿಣವಾದುದನ್ನು ಮಗನ ಮೇಲೆ ಹೇರುವವರಿದ್ದಾರೆ. ಟ್ಯೂಷನ್ನಿನ ಖರ್ಚಿಗೆ ಅಂಜಿ ಮಗಳನ್ನು ಸುಲಭವಾದುದಕ್ಕೆ ಒಪ್ಪಿಸುವವರೂ ಇದ್ದಾರೆ. ರಾಮಾನುಜನ್ ಅವರ ಬಾಳಿನಲ್ಲಿ ಇದೇ ಪ್ರಶ್ನೆ ಅತ್ಯಂತ ಉಗ್ರವಾದ ರೂಪವನ್ನು ತಾಳಿತ್ತು.

ಬಾಲ್ಯ ಮತ್ತು ಶಾಲೆ

ರಾಮಾನುಜನ್ ಹುಟ್ಟಿದುದು ೧೮೮೭ರ ಡಿಸೆಂಬರ್ ೨೨ರಂದು, ಈರೋಡಿನಲ್ಲಿದ್ದ ತಾಯಿಯ ತವರಿನಲ್ಲಿ, ಬೆಳೆದುದು ಕುಂಭಕೋಣದಲ್ಲಿ. ತಂದೆ ಶ್ರೀನಿವಾಸ ಅಯ್ಯಂಗಾರರು ಬಟ್ಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಅವರ ಸಂಬಳ ಸಂಸಾರಕ್ಕೆ ಸಾಲುತ್ತಿರಲಿಲ್ಲ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಪರಊರುಗಳಿಂದ ಓದಲು ಬಂದ ಕಾಲೇಜು ವಿದ್ಯಾರ್ಥಿಗಳನ್ನು ಮನೆಯಲ್ಲಿರಿಸಿಕೊಂಡು ಊಟವಿಕ್ಕುತ್ತಿದ್ದರು. ಹೀಗೆ ಅನ್ನಕ್ಕಾಗಿ ಬಂದವರ ಕೈಯಲ್ಲಿದ್ದ ಪುಸ್ತಕಗಳೇ ಬಾಲಕ ರಾಮಾನುಜನಿಗೆ ಉನ್ನತ ಗಣಿತದ ಬಾಗಿಲನ್ನು ತೆರೆದುವು.

೧೮೯೭ರ ಪ್ರಾಥಮಿಕ ಪರೀಕ್ಷೆಯಲ್ಲಿ ತಂಜಾವೂರು ಜಿಲ್ಲೆಗೇ ಮೊದಲಿಗನಾಗಿ ತೇರ್ಗಡೆ ಹೊಂದಿದ ಹುಡುಗ ಮರುವರ್ಷ ಕುಂಭಕೋಣದ ಟೌನ್ ಹೈಸ್ಕೂಲನ್ನು ಸೇರಿದ. ಮನೆಯಲ್ಲಿದ್ದ ವಿದ್ಯಾರ್ಥಿಗಳಿಂದ ಕಾಲೇಜಿನವರು ಓದುವ ಲೋನಿಯವರ ತ್ರಿಕೋನಮಿತಿಯ ಪುಸ್ತಕವನ್ನು ಪಡೆದು, ಹದಿಮೂರು ತುಂಬುವ ವೇಳೆಗೆ ಅದನ್ನು ಅರಗಿಸಿಕೊಂಡ. ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಆ ಶಾಲೆಯ ವೇಳಾಪಟ್ಟಿಯನ್ನು ಹೊಂದಿಸುವ ತಲೆನೋವಿನ ಕೆಲಸವನ್ನು ಗಣಿತದ ಉಪಾಧ್ಯಾಯರು ಈ ಹುಡುಗನಿಗೇ ಒಪ್ಪಿಸುತ್ತಿದ್ದರಂತೆ.

೧೯೦೩ರಲ್ಲಿ ಕಾರ್ ಎಂಬವರ ಗಣಿತ ಸಂಗ್ರಹವೊಂದು ಅವನ ಕೈಸೇರಿತು. ಅದು ಪರೀಕ್ಷೆಗೆ ಕೂಡುವವರಿಗಾಗಿ ಸಿದ್ಧಪಡಿಸಿದ, ಸುಮಾರು ೫೦೦೦ ಪ್ರಮೇಯಗಳ ಒಣ ಪಟ್ಟಿ. ಬಹುಪಾಲು ಪ್ರಮೇಯಗಳಿಗೆ ಸಾಧನೆಯನ್ನು ಕೊಟ್ಟಿರಲಿಲ್ಲ, ಕೊಟ್ಟಲ್ಲಿಯೂ ಅದು ಒಂದೆರಡು ಸಾಲಿನ ಸೂಚನೆ ಮಾತ್ರ. ಪ್ರತಿಯೊಂದನ್ನೂ ತಾನೇ ಹೊಸದಾಗಿ ಕಂಡುಹಿಡಿಯುವಂತೆ ಹುಡುಗ ಸ್ಲೇಟನ್ನು ಹಿಡಿದು ಕುಳಿತ. ಕಾಗದ ದುಬಾರಿಯಾದ ಕಾರಣ ಲೆಕ್ಕವೆಲ್ಲ ಸ್ಲೇಟಿನ ಮೇಲೆ. ಕೊನೆಯ ಉತ್ತರ ಮಾತ್ರ ನೋಟ್ ಪುಸ್ತಕಕ್ಕೆ. ಮುಂದೆ ಜಗತ್ಪ್ರಸಿದ್ಧವಾದ ಆ ಪುಸ್ತಕಗಳಲ್ಲಿ ಫಲಿತಾಂಶಗಳು ಹೇರಳವಾಗಿದ್ದು ಸಾಧನೆಗಳು ವಿರಳವಾಗಿರುವುದಕ್ಕೆ ಈ ಬಡತನವೂ ಒಂದು ಕಾರಣ.

ಒಂದೇ ವಿಷಯದ ಹುಚ್ಚು

೧೯೦೪ರಲ್ಲಿ ಗಣಿತದ ಬಹುಮಾನದೊಡನೆ ಹೈಸ್ಕೂಲನ್ನು ಮುಗಿಸಿದ ರಾಮಾನುಜನ್ ವಿದ್ಯಾರ್ಥಿವೇತನವನ್ನೂ ಗಳಿಸಿಕೊಂಡು ಕುಂಭಕೋಣದ ಸರಕಾರಿ ಕಾಲೇಜನ್ನು ಪ್ರವೇಶಿಸಿದರು. ಅಂದಿನ ಎಫ್.ಎ. ತರಗತಿಯಲ್ಲಿ ಗಣಿತದೊಡನೆ ಇಂಗ್ಲಿಷ್, ಸಂಸ್ಕೃತ, ಚರಿತ್ರೆ, ಶರೀರಶಾಸ್ತ್ರ ಇವೆಲ್ಲವನ್ನೂ ಓದಬೇಕಾಗಿತ್ತು. ಎಲ್ಲದರಲ್ಲಿಯೂ ಒಟ್ಟಿಗೇ ತೇರ್ಗಡೆಯಾಗಬೇಕಾಗಿತ್ತು. ಮಂಡಲಿಯಾಗಲಿ ಮನೆಯವರಾಗಲಿ ಕೇಳುವ ಮೊದಲೇ ರಾಮಾನುಜನ್ ತಮ್ಮ ಆಯ್ಕೆಯನ್ನು ಮಾಡಿಯಾಗಿತ್ತು. ಇತರ ಪಾಠಗಳು ನಡೆಯುತ್ತಿರುವಾಗಲೂ ಅವರ ಮನಸ್ಸು ಸಂಖ್ಯೆಗಳಲ್ಲಿಯೇ ಮುಳುಗಿರುತ್ತಿತ್ತು. ಇಂಗ್ಲಿಷ್ ಪ್ರಬಂಧದಲ್ಲಿ ಸೋತರು, ವಿದ್ಯಾರ್ಥಿವೇತನ ಹೋಯಿತು. ಕಾಲೇಜಿನ ಫೀಜನ್ನು ಭರಿಸುವ ಶಕ್ತಿ ಬಟ್ಟೆ ಅಂಗಡಿಯ ಗುಮಾಸ್ತರಿಗಿರಲಿಲ್ಲ. ೧೯೦೫ರಲ್ಲಿ ಹದಿನೇಳರ ಆ ತರುಣ ಯಾರಿಗೂ ಹೇಳದೆ ಮನೆಬಿಟ್ಟು ವಿಶಾಖಪಟ್ಟಣದ ಕಡೆಗೆ ಹೊರಟುಹೋದರು.

ಮರಳಿ ಬಂದ ಮೇಲೆ ೧೯೦೬ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿ ಎರಡನೆಯ ಪ್ರಯತ್ನ ನಡೆಯಿತು. ಅಲ್ಲಿಯೂ ಅದೇ ಕಥೆ. ಗಣಿತದಲ್ಲಿ ಅಧ್ಯಾಪಕರನ್ನೇ ಬೆರಗುಗೊಳಿಸಿದವರು ಶರೀರಶಾಸ್ತ್ರದಲ್ಲಿ ಸೋತರು. ೧೯೦೭ರಲ್ಲಿ ಖಾಸಗಿಯಾಗಿ ಕಟ್ಟಿದ ಪರೀಕ್ಷೆಯಲ್ಲಿಯೂ ಫಲ ಬೇರೆಯಾಗಲಿಲ್ಲ. ಹೀಗೆ ಇಪ್ಪತ್ತನೆಯ ವಯಸ್ಸಿಗೆ ಅವರ ಕೈಯಲ್ಲಿದ್ದುದು ಪದವಿಯಲ್ಲ, ಒಂದು ನೋಟ್ ಪುಸ್ತಕ.

ಇಲ್ಲಿ ತಪ್ಪು ಯಾರದೆಂದು ವಾಚಕರು ಕೇಳಬಹುದು. ಎಲ್ಲ ವಿಷಯಗಳನ್ನೂ ಒಂದೇ ಅಳತೆಗೋಲಿನಿಂದ ಅಳೆದ ಪದ್ಧತಿ ಕುರುಡಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉಳಿದ ವಿಷಯಗಳ ಅಸಡ್ಡೆಗೆ ರಾಮಾನುಜನ್ ತೆತ್ತ ಬೆಲೆಯೂ ಸಣ್ಣದಲ್ಲ. ಗುರುಗಳಿಲ್ಲದೆ, ಹೊಸ ಗ್ರಂಥಗಳಿಲ್ಲದೆ ಒಬ್ಬರೇ ದುಡಿದ ಆ ವರ್ಷಗಳಲ್ಲಿ ಅವರು ಕಂಡುಹಿಡಿದುದರಲ್ಲಿ ಎಷ್ಟೋ ಭಾಗ ಯುರೋಪಿನಲ್ಲಿ ಆಗಲೇ ಬೆಳಕಿಗೆ ಬಂದಿತ್ತು. ತೆರೆದೇ ಇದ್ದ ಬಾಗಿಲನ್ನು ಅರಿಯದೆ ಗೋಡೆಯನ್ನು ಕೊರೆದು ಒಳಹೊಕ್ಕಂತಾಯಿತು.

ಕಚೇರಿಯ ಜನರ ಆಸರೆ

೧೯೦೯ರ ಜುಲೈಯಲ್ಲಿ ಜಾನಕಿಯೆಂಬ ಬಾಲಕಿಯೊಡನೆ ಅವರ ವಿವಾಹವಾಯಿತು. ಸಂಸಾರದ ಭಾರ ಹೆಗಲೇರಿದಾಗ ನೋಟ್ ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಕೆಲಸವನ್ನು ಹುಡುಕುತ್ತ ಹೊರಟರು. ೧೯೧೦ರಲ್ಲಿ ಡೆಪ್ಯುಟಿ ಕಲೆಕ್ಟರರಾಗಿದ್ದ ರಾಮಸ್ವಾಮಿ ಅಯ್ಯರನ್ನು ಕಂಡರು. ಕಂದಾಯ ಇಲಾಖೆಯ ಈ ಅಧಿಕಾರಿಯೇ ೧೯೦೭ರಲ್ಲಿ ಭಾರತೀಯ ಗಣಿತ ಸಂಘವನ್ನು ಸ್ಥಾಪಿಸಿದವರು. ಪುಸ್ತಕವನ್ನು ತಿರುವಿಹಾಕಿದ ಅವರಿಗೆ ಎದುರಿಗೆ ನಿಂತವರ ಯೋಗ್ಯತೆ ತಿಳಿಯಿತು. ಮದರಾಸಿನ ಮಿತ್ರರಿಗೆ ಪರಿಚಯ ಪತ್ರ ಕೊಟ್ಟು ಕಳುಹಿಸಿದರು. ಆ ಪರಿಚಯಗಳ ಮೂಲಕ ನೆಲ್ಲೂರಿನ ಕಲೆಕ್ಟರರಾಗಿದ್ದ ರಾಮಚಂದ್ರರಾಯರ ದರ್ಶನವಾಯಿತು. ಅವರು ಕೆಲವು ಕಾಲ ತಮ್ಮ ಸ್ವಂತ ಹಣದಿಂದ ತಿಂಗಳಿಗೆ ೨೫ ರೂಪಾಯಿ ಕೊಟ್ಟರು. ೧೯೧೧ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ರಾಮಾನುಜನ್ ಅವರ ಮೊದಲ ಲೇಖನ ಪ್ರಕಟವಾಯಿತು.

ಪರರ ಹಣದಲ್ಲಿ ಬಹುದಿನ ಬದುಕುವುದು ಆ ಸ್ವಾಭಿಮಾನಿಗೆ ಒಗ್ಗಲಿಲ್ಲ. ೧೯೧೨ರ ಮಾರ್ಚ್ ೧ರಂದು ಮದರಾಸು ಬಂದರು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ ೩೦ ರೂಪಾಯಿ ಸಂಬಳದ ಗುಮಾಸ್ತರಾದರು. ಅವರ ಮೇಲಧಿಕಾರಿ ನಾರಾಯಣ ಅಯ್ಯರು ಹಿಂದೆ ಗಣಿತದ ಅಧ್ಯಾಪಕರಾಗಿದ್ದವರು. ಹಗಲು ಕಚೇರಿಯ ಲೆಕ್ಕಗಳನ್ನು ಮುಗಿಸಿ, ರಾತ್ರಿ ಇಬ್ಬರೂ ಸ್ಲೇಟುಗಳನ್ನು ಹಿಡಿದು ಬೇರೆಯ ಲೆಕ್ಕಗಳಿಗೆ ಕೂಡುತ್ತಿದ್ದರು. ನಾರಾಯಣ ಅಯ್ಯರ ಮೂಲಕ ಬಂದರಿನ ಮುಖ್ಯಸ್ಥರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಇಂಜಿನಿಯರರ ಅಭಿಮಾನವೂ ಲಭಿಸಿತು.

ಇನ್ನು ಲೋಧಿ ಕಾಲೋನಿಯವರು ವಿಶೇಷವಾಗಿ ಗಮನಿಸತಕ್ಕ ಪ್ರಸಂಗವೊಂದುಂಟು. ಲೋಧಿ ರಸ್ತೆಯಲ್ಲಿ ದಿನವೂ ಓಡಾಡುವವರೆಲ್ಲರೂ ಮೌಸಮ್ ಭವನವನ್ನು ಬಲ್ಲರು. ಅದು ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ. ಇಲಾಖೆಯ ಕೇಂದ್ರ ಶಿಮ್ಲಾದಲ್ಲಿದ್ದ ಆ ಕಾಲದಲ್ಲಿ ಅದರ ಮುಖ್ಯಸ್ಥರಾಗಿದ್ದವರು ಗಿಲ್ಬರ್ಟ್ ವಾಕರ್, ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ಬಂದವರು. ೧೯೧೩ರ ಫೆಬ್ರವರಿಯಲ್ಲಿ ಇಲಾಖೆಯ ಕಾರ್ಯಕ್ಕಾಗಿ ಮದರಾಸಿಗೆ ಬಂದ ಅವರಿಗೆ ಸ್ಪ್ರಿಂಗ್ ತಮ್ಮ ಗುಮಾಸ್ತರ ನೋಟ್ ಪುಸ್ತಕವನ್ನು ತೋರಿಸಿದರು. ವಾಕರ್ ಒಡನೆಯೇ ಮದರಾಸು ವಿಶ್ವವಿದ್ಯಾಲಯಕ್ಕೆ ಶಿಫಾರಸು ಬರೆದರು. ಎಫ್.ಎ. ಪರೀಕ್ಷೆಯನ್ನೂ ದಾಟದವರಿಗೆ ಸಂಶೋಧನ ವೇತನ ಕೊಡುವುದಕ್ಕೆ ನಿಯಮದಲ್ಲಿ ಆಸ್ಪದವಿರಲಿಲ್ಲ. ಆದರೂ ಆ ವರ್ಷದ ಮೇ ತಿಂಗಳಿಂದ ತಿಂಗಳಿಗೆ ೭೫ ರೂಪಾಯಿ ಮಂಜೂರಾಯಿತು. ಮಳೆಗಾಳಿಗಳ ಲೆಕ್ಕವಿಡುವ ಇಲಾಖೆಯವರೊಬ್ಬರು ವಿಶ್ವವಿದ್ಯಾಲಯದ ಬಾಗಿಲನ್ನು ತಟ್ಟಿದ್ದರಿಂದ ಅದು ತೆರೆಯಿತು.

ಕೇಂಬ್ರಿಜ್ ಮತ್ತು ಇಡ್ಲಿಯ ಲೆಕ್ಕ

ಅದೇ ವರ್ಷದ ಜನವರಿ ೧೬ರಂದು ರಾಮಾನುಜನ್ ಕೇಂಬ್ರಿಜ್‌ನ ಹಾರ್ಡಿಯವರಿಗೆ ತಮ್ಮ ಪ್ರಮೇಯಗಳನ್ನು ತುಂಬಿದ ಪತ್ರವೊಂದನ್ನು ಬರೆದಿದ್ದರು. ಹಾರ್ಡಿ ಅದನ್ನು ಪರಿಶೀಲಿಸಿ ಬೆರಗಾಗಿ, ಅವರನ್ನು ಕರೆಸಿಕೊಳ್ಳಲು ಉದ್ಯುಕ್ತರಾದರು. ಸಮುದ್ರಯಾನ ನಿಷಿದ್ಧವೆಂಬ ಮಡಿವಂತಿಕೆಯನ್ನು ದಾಟಿ, ತಾಯಿಯ ಒಪ್ಪಿಗೆಯನ್ನು ಪಡೆದು, ೧೯೧೪ರ ಮಾರ್ಚ್ ೧೭ರಂದು ಮದರಾಸಿನಿಂದ ಹಡಗನ್ನೇರಿದರು. ಪ್ರಮೇಯವನ್ನು ಕಾಣುವ ಕಣ್ಣು ಅವರಿಗಿತ್ತು. ಅದನ್ನು ಇತರರು ಒಪ್ಪುವಂತೆ ಸಾಧಿಸಿ ತೋರಿಸುವ ಶಿಸ್ತನ್ನು ಹಾರ್ಡಿ ಮತ್ತು ಲಿಟಲ್‌ವುಡ್ ಅವರೊಡನೆ ಅಲ್ಲಿ ಅಭ್ಯಾಸ ಮಾಡಬೇಕಾಯಿತು.

ಅವರ ಒಂದು ಸಂಶೋಧನೆಯನ್ನು ಹೋಟೆಲಿನ ಅಡಿಗೆಮನೆಯಲ್ಲಿ ನಿಂತೇ ಅರಿಯಬಹುದು. ನಾಲ್ಕು ಇಡ್ಲಿಗಳನ್ನು ತಟ್ಟೆಗಳಿಗೆ ಹಂಚಬೇಕೆನ್ನೋಣ. ಯಾವ ತಟ್ಟೆ ಯಾರ ಮುಂದೆಂಬುದು ಬೇಡ. ನಾಲ್ಕನ್ನೂ ಒಂದೇ ತಟ್ಟೆಗೆ ಇಡಬಹುದು. ಮೂರು ಮತ್ತು ಒಂದಾಗಿ, ಎರಡು ಮತ್ತು ಎರಡಾಗಿ, ಎರಡು ಒಂದು ಒಂದಾಗಿ ಇಡಬಹುದು. ಇಲ್ಲವೆ ನಾಲ್ಕು ತಟ್ಟೆಗೂ ಒಂದೊಂದು. ಒಟ್ಟು ೫ ಬಗೆ. ಹತ್ತು ಇಡ್ಲಿಗಳಾದರೆ ೪೨ ಬಗೆ. ನೂರಾದರೆ ೧೯ ಕೋಟಿಗೂ ಮಿಕ್ಕುತ್ತದೆ. ಇನ್ನೂರಾದರೆ ಸುಮಾರು ೪ ಲಕ್ಷ ಕೋಟಿ! ಒಂದೊಂದಾಗಿ ಎಣಿಸದೆ ಈ ಸಂಖ್ಯೆಯನ್ನು ತಿಳಿಯುವ ಸೂತ್ರವನ್ನು ೧೯೧೮ರಲ್ಲಿ ರಾಮಾನುಜನ್ ಮತ್ತು ಹಾರ್ಡಿ ಜಂಟಿಯಾಗಿ ಪ್ರಕಟಿಸಿದರು. ಮೆಕ್‌ಮಹೋನ್ ಎಂಬವರು ಶ್ರಮಪಟ್ಟು ಕೈಯಿಂದ ಎಣಿಸಿ ತೆಗೆದಿದ್ದ ಉತ್ತರಕ್ಕೂ ಸೂತ್ರದ ಉತ್ತರಕ್ಕೂ ತಾಳೆ ಬಿತ್ತು.

೧೯೧೬ರಲ್ಲಿ ಕೇಂಬ್ರಿಜ್ ಅವರಿಗೆ ಸಂಶೋಧನೆಯ ಆಧಾರದ ಮೇಲೆ ಪದವಿಯನ್ನಿತ್ತಿತು. ೧೯೧೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಟ್ರಿನಿಟಿ ಕಾಲೇಜಿನ ಫೆಲೋ ಪದವಿಯೂ ದೊರೆತುವು. ಆದರೆ ದೇಹ ಆ ವೇಳೆಗೆ ಜರ್ಜರಿತವಾಗಿತ್ತು. ಶುದ್ಧ ಶಾಕಾಹಾರಿಯಾದ ಅವರು ತಾವೇ ಅಡಿಗೆ ಮಾಡಿಕೊಳ್ಳುತ್ತಿದ್ದರು. ಮಹಾಯುದ್ಧದ ದಿನಗಳಲ್ಲಿ ಪದಾರ್ಥಗಳು ಸಿಗುವುದೇ ಕಷ್ಟ. ಕೆಲಸದ ಭರದಲ್ಲಿ ಹೊತ್ತುಹೊತ್ತಿಗೆ ಊಟವಿಲ್ಲ. ಪರಊರಿನಲ್ಲಿ ದುಡಿಯುವವರಿಗೆ ಈ ಕಷ್ಟವನ್ನು ವಿವರಿಸಬೇಕಾದುದಿಲ್ಲ. ಕ್ಷಯವೆಂದು ಆಗ ಚಿಕಿತ್ಸೆ ನಡೆಯಿತು. ಅದು ಯಕೃತ್ತಿಗೆ ತಗುಲಿದ ಅಮೀಬಾ ರೋಗವಾಗಿದ್ದಿರಬಹುದೆಂದು ಇತ್ತೀಚಿನ ಕೆಲವು ವೈದ್ಯರ ಮತ. ೧೯೧೯ರ ಮಾರ್ಚಿಯಲ್ಲಿ ಸ್ವದೇಶಕ್ಕೆ ಮರಳಿದ ರಾಮಾನುಜನ್, ೧೯೨೦ರ ಏಪ್ರಿಲ್ ೨೬ರಂದು ಮದರಾಸಿನಲ್ಲಿ ೩೨ನೆಯ ವಯಸ್ಸಿಗೇ ಕಾಲವಾದರು. ಹಾಸಿಗೆಯಲ್ಲಿದ್ದುಕೊಂಡೇ ಬರೆದ ಕೊನೆಯ ವರ್ಷದ ಹಾಳೆಗಳು ೧೯೭೬ರಲ್ಲಿ ಟ್ರಿನಿಟಿಯ ಗ್ರಂಥಾಲಯದಲ್ಲಿ ಬೆಳಕಿಗೆ ಬಂದು, ವಿದ್ವಾಂಸರಿಗೆ ದಶಕಗಳ ಕೆಲಸವನ್ನು ಒದಗಿಸಿದುವು. ಪತ್ನಿ ಜಾನಕಿಯಮ್ಮನವರು ಬಟ್ಟೆ ಹೊಲಿದು ಜೀವನ ಸಾಗಿಸಿ, ೧೯೯೪ರವರೆಗೆ ಬದುಕಿದ್ದರು.

ನಮ್ಮ ಮನೆಗಳಿಗೆ ಪಾಠ

ಎಲ್ಲ ಮಕ್ಕಳೂ ರಾಮಾನುಜನ್ ಆಗಲಾರರು. ಆಗಬೇಕೆಂದು ಯಾರೂ ಬಯಸಬೇಕಾಗಿಲ್ಲ. ಆದರೆ ಆಯ್ಕೆಯ ಹೊತ್ತಿನಲ್ಲಿ ನೋಡಬೇಕಾದುದು ಏನೆಂಬುದನ್ನು ಅವರ ಬಾಲ್ಯ ತೋರಿಸಿಕೊಡುತ್ತದೆ. ಯಾರೂ ಹೇಳದೆಯೇ ಮಗು ಲೆಕ್ಕಕ್ಕೆ ಕೂಡುತ್ತದೆಯೇ, ಉತ್ತರ ಬಂದ ಮೇಲೂ ಅದು ಹೇಗೆ ಬಂತೆಂದು ಕೆದಕುತ್ತದೆಯೇ, ತಪ್ಪಿದ ಲೆಕ್ಕವನ್ನು ಮರುದಿನ ಮತ್ತೆ ಕೈಗೆತ್ತಿಕೊಳ್ಳುತ್ತದೆಯೇ ಎಂಬುದನ್ನು ಗಮನಿಸಬೇಕು. ಹಾಗಿದ್ದಲ್ಲಿ ಅಂಕಗಳು ನಾಲ್ಕು ಕಡಮೆಯಾದರೂ ಕಠಿಣವಾದ ಗಣಿತವನ್ನು ತಪ್ಪಿಸಲಾಗದು. ಇಲ್ಲದಿದ್ದಲ್ಲಿ ನೆರೆಮನೆಯ ಉದಾಹರಣೆಯಿಂದ ಹೇರಲೂ ಆಗದು. ಆ ವರ್ಷದ ನಿಯಮವೇನೆಂದು ಶಾಲೆಯವರನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಗಣಿತ ಪ್ರಿಯವಾದ ಮಗುವಿಗೆ ಉಳಿದ ಪಾಠಗಳು ದಾರಿಯ ಬುತ್ತಿಯೆಂದು ಪ್ರೀತಿಯಿಂದ ತಿಳಿಹೇಳುವುದೂ ಹಿರಿಯರ ಕೆಲಸ.

ಶಾಲೆ ಬಿಟ್ಟು ಹೋಟೆಲಿಗೆ ಸೇರಿದ ತರುಣರೂ ಧೃತಿಗೆಡಬೇಕಾಗಿಲ್ಲ. ನೋಯಿಡಾದಲ್ಲಿ ಕೇಂದ್ರವುಳ್ಳ ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದವರು ೫ ವರ್ಷಗಳ ಅವಧಿಯಲ್ಲಿ ಒಂದೊಂದೇ ವಿಷಯವನ್ನು ಮುಗಿಸುತ್ತ ಹೋಗಬಹುದು. ಒಂದು ವಿಷಯದ ಸೋಲಿನಿಂದ ಎಲ್ಲವನ್ನೂ ಕಳೆದುಕೊಂಡ ರಾಮಾನುಜನ್ ಅವರಿಗೆ ಇಂತಹ ಅನುಕೂಲವಿರಲಿಲ್ಲ.

ಇನ್ನು ನಮ್ಮ ಗುಮಾಸ್ತ ಬಂಧುಗಳಿಗೆ ಒಂದು ಬಿನ್ನಹ. ಒಬ್ಬ ಡೆಪ್ಯುಟಿ ಕಲೆಕ್ಟರರು, ಒಬ್ಬ ಲೆಕ್ಕಪತ್ರದ ಅಧಿಕಾರಿ, ಒಬ್ಬ ಬಂದರಿನ ಇಂಜಿನಿಯರರು, ಒಬ್ಬ ಹವಾಮಾನ ಇಲಾಖೆಯವರು, ಇವರೆಲ್ಲ ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಡ ತರುಣನ ನೋಟ್ ಪುಸ್ತಕವನ್ನು ತೆರೆದು ನೋಡಿದರು. ಸ್ವಂತ ಮಗುವಿನದಾಗಲಿ, ನಿತ್ಯ ಕಾಫಿ ತಂದಿಡುವ ಹುಡುಗನದಾಗಲಿ, ಅಂತಹ ಪುಸ್ತಕವೊಂದು ನಮ್ಮ ಮುಂದೆ ಬಂದಾಗ ಅದನ್ನು ತೆರೆದು ನೋಡುವಷ್ಟು ವ್ಯವಧಾನವನ್ನು ನಾವೂ ಉಳಿಸಿಕೊಳ್ಳೋಣ.