ಅಗ್ನಿಪಕ್ಷಿಯ ಚಿತ್ರಕಾರ

ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕವನ್ನು ಕಂಡೊಡನೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮಲ್ಲಿ ಅನೇಕರುಂಟು. ಅಂತಹ ಮಹನೀಯರು ಜಪಾನಿನ ತೆಜುಕಾ ಒಸಾಮು ಅವರ ಜೀವನವನ್ನು ಒಮ್ಮೆ ಅವಲೋಕಿಸಬೇಕೆಂದು ನಾವು ಬಿನ್ನವಿಸುತ್ತೇವೆ.

ಇವರು ೧೯೨೮ನೆಯ ಇಸವಿ ನವೆಂಬರ್ ೩ರಂದು ಒಸಾಕಾ ಪ್ರಾಂತದ ತೊಯೊನಾಕಾದಲ್ಲಿ ಜನಿಸಿದರು. ಬಾಲ್ಯದಲ್ಲಿ ಕೀಟಗಳ ಮೇಲೆ ಇವರಿಗಿದ್ದ ಮೋಹವೆಷ್ಟೆಂದರೆ, ಹುಳುವೆಂಬ ಅರ್ಥದ ಅಕ್ಷರವನ್ನೇ ತಮ್ಮ ಅಂಕಿತದಲ್ಲಿ ಸೇರಿಸಿಕೊಂಡರು. ೧೯೪೫ರಲ್ಲಿ ಒಸಾಕಾ ನಗರದ ಮೇಲೆ ಬಾಂಬುಗಳು ಸುರಿದಾಗ, ಯುದ್ಧಕಾಲದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಈ ತರುಣರು ಮೃತ್ಯುವನ್ನು ಕಣ್ಣೆದುರಿಗೆ ಕಂಡರು. ಆ ದೃಶ್ಯ ಕಡೆಯವರೆಗೂ ಇವರನ್ನು ಬಿಟ್ಟಂತೆ ತೋರುವುದಿಲ್ಲ. ವೈದ್ಯಶಾಸ್ತ್ರದಲ್ಲಿ ಉತ್ತೀರ್ಣರಾದರೂ ಲೇಖನಿಯನ್ನೇ ವೃತ್ತಿಯಾಗಿ ಹಿಡಿದರು. ನಮಗೆ ಹನುಮಂತನನ್ನು ನೆನಪಿಗೆ ತರುವ ಚೀನದ ಕಪಿವೀರನ ಕಥೆಯನ್ನು ೧೯೫೨ರಿಂದ ಬಾಲಕರಿಗಾಗಿ ಚಿತ್ರಿಸಿದರು.

ಆದರೆ ಇವರು ತಮ್ಮ ಜೀವವನ್ನೇ ತೇಯ್ದುದು ಅಗ್ನಿಪಕ್ಷಿಯ ಕಥೆಗಾಗಿ. ಉರಿದು ಮತ್ತೆ ಹುಟ್ಟುವ ಆ ಪಕ್ಷಿ ಗ್ರೀಕರಿಗೂ ರೋಮನರಿಗೂ ಪರಿಚಿತವಾದುದು. ಸ್ಟ್ರಾವಿನ್‌ಸ್ಕಿಯ ರುಷ್ಯದ ನೃತ್ಯನಾಟಕವೂ ಇವರ ಮನಸ್ಸನ್ನು ಸೆಳೆದಿತ್ತು. ೧೯೫೪ರಲ್ಲಿ ಮೊದಲುಮಾಡಿದ ಕಥೆ, ಪತ್ರಿಕೆ ನಿಂತುಹೋದುದರಿಂದ ಅರ್ಧಕ್ಕೇ ಮುರಿಯಿತು. ಬಳಿಕ ಬಾಲಿಕೆಯರ ಪತ್ರಿಕೆಯೊಂದಕ್ಕೆ ಅದೇ ಪಕ್ಷಿಯನ್ನು ಈಜಿಪ್ಟು, ಗ್ರೀಸು, ರೋಮುಗಳಿಗೆ ಒಯ್ದರು. ಜಪಾನಿನ ಪೋಷಕರೂ ಉಪಾಧ್ಯಾಯರೂ ಚಿತ್ರಕಥೆಗಳು ಮಕ್ಕಳನ್ನು ಕೆಡಿಸುತ್ತವೆಂದು ಚಳವಳಿ ಹೂಡಿದ್ದುದು ಆ ಕಾಲದಲ್ಲಿಯೇ, ೧೯೫೫ರ ಸುಮಾರಿಗೆ, ಎಂಬುದನ್ನು ಮರೆಯಲಾಗದು.

೧೯೬೭ರಲ್ಲಿ ತಮ್ಮದೇ ಪತ್ರಿಕೆಯಲ್ಲಿ ಪುನಃ ಆರಂಭಿಸಿದರು. ಒಂದು ಕಥೆ ಅತಿ ಪ್ರಾಚೀನ ಕಾಲದ್ದು, ಮತ್ತೊಂದು ಬಹುದೂರದ ಭವಿಷ್ಯದ್ದು. ಹೀಗೆ ಎರಡು ತುದಿಗಳಿಂದ ವರ್ತಮಾನದ ಕಡೆಗೆ ಸಾಗಿಬರುವುದೇ ಅದರ ಕ್ರಮ. ಪಕ್ಷಿಯ ರಕ್ತವನ್ನು ಕುಡಿದವರಿಗೆ ಸಾವಿಲ್ಲವೆಂದು ನಂಬಿ ಅರಸರು ಅದನ್ನು ಬೆನ್ನಟ್ಟುತ್ತಾರೆ. ನಮ್ಮ ಅಮೃತಮಥನವನ್ನು ಕೇಳಿ ಬೆಳೆದವರಿಗೆ ಈ ಆಸೆ ಹೊಸದಲ್ಲ. ನಾರಾ ಕಾಲದ ಭಾಗದಲ್ಲಿ, ಒಂದೇ ಕಣ್ಣು, ಒಂದೇ ತೋಳಿನ ಕೊಲೆಗಡುಕನೊಬ್ಬನು ಪಶ್ಚಾತ್ತಾಪದಿಂದ ಶಿಲ್ಪಿಯಾಗುತ್ತಾನೆ. ತೋದಾಯ್‌ಜಿ ದೇವಾಲಯದ ಸ್ಪರ್ಧೆಯಲ್ಲಿ ಅವನ ಕೃತಿಯೇ ಮಿಗಿಲಾದರೂ, ಪ್ರತಿಸ್ಪರ್ಧಿಯು ಅವನ ಹಳೆಯ ಪಾಪವನ್ನು ಬಯಲಿಗೆಳೆಯಲು, ಉಳಿದ ತೋಳನ್ನೂ ಕತ್ತರಿಸುತ್ತಾರೆ. ಹಾಗಾದರೂ ಅವನು ಕೆತ್ತುವುದನ್ನು ಬಿಡುವುದಿಲ್ಲ. ಇದನ್ನು ಹುಡುಗರ ಆಟವೆಂದು ತಳ್ಳಿಹಾಕಲು ನಮಗಂತೂ ಬಾಯಿ ಬಾರದು.

೧೯೭೨ರಿಂದ ೧೯೮೩ರವರೆಗೆ ಬುದ್ಧಚರಿತ್ರೆಯನ್ನೂ ಚಿತ್ರಿಸಿದರು. ಅದರ ನಡುವೆ ಬರುವ ಆಧುನಿಕ ವಿನೋದಗಳು ನಮ್ಮ ಕೆಲವರಿಗೆ ರುಚಿಸಲಾರವು. ನಮಗೆ ಅವು ಸಹ್ಯವಾಗಿಯೇ ಕಂಡವು. ವ್ಯವಹಾರದಲ್ಲಿ ಮಾತ್ರ ಇವರು ಜಾಣರಾಗಿರಲಿಲ್ಲ. ಚಲಿಸುವ ಚಿತ್ರಗಳಿಗಾಗಿ ಸ್ಥಾಪಿಸಿದ ಸಂಸ್ಥೆಯು ೧೯೭೩ರಲ್ಲಿ ದಿವಾಳಿಯೆದ್ದಿತು.

ಅಗ್ನಿಪಕ್ಷಿಯ ಕಡೆಯ ಭಾಗವು ವರ್ತಮಾನಕಾಲದಲ್ಲಿ ನಡೆಯತಕ್ಕುದೆಂದೂ ಅದನ್ನು ತಮ್ಮ ಅಂತ್ಯಕಾಲದಲ್ಲಿ ಬರೆಯತಕ್ಕುದೆಂದೂ ಇವರು ಸಂಕಲ್ಪಿಸಿದ್ದರು. ಹೊಟ್ಟೆಯ ಅರ್ಬುದರೋಗದಿಂದ ೧೯೮೯ರ ಫೆಬ್ರವರಿ ೯ರಂದು, ತಮ್ಮ ೬೦ನೆಯ ವಯಸ್ಸಿನಲ್ಲಿ, ದಿವಂಗತರಾದರು. ಆ ಭಾಗವು ಬರೆಯಲ್ಪಡಲಿಲ್ಲ.