ಎಪ್ಪತ್ತು ಹಳ್ಳಿಗಳ ಆಡಳಿತ ನಡೆಸಿದ ಜಕ್ಕಿಯಬ್ಬೆ

ಶಿಕಾರಿಪುರ: ಅಂಜನಾಪುರ ಜಲಾಶಯ, ಬಳ್ಳಿಗಾವಿಯ ಕೇದಾರೇಶ್ವರ ದೇಗುಲ, ಅಕ್ಕಮಹಾದೇವಿಯ ಉಡುತಡಿ. ಶಿಕಾರಿಪುರ ತಾಲ್ಲೂಕು ಎಂದೊಡನೆ ನೆನಪಾಗುವ ಹೆಸರುಗಳಿವು. ಇದೇ ತಾಲ್ಲೂಕಿನ ಬಂದಳಿಕೆಗೂ ಒಬ್ಬ ಮಹಿಳೆಯಿಂದ ನಾಡಿನ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ. ಆಕೆಯೇ ಜಕ್ಕಿಯಬ್ಬೆ. ಅಕ್ಕನಿಗಿಂತ ಎರಡು ಶತಮಾನಗಳಷ್ಟು ಹಿಂದೆ, ಪತಿಯ ಅಧಿಕಾರವನ್ನು ವಹಿಸಿಕೊಂಡು ಎಪ್ಪತ್ತು ಹಳ್ಳಿಗಳ ಆಡಳಿತ ನಡೆಸಿದ ಮಹಿಳೆ ಈಕೆ.

ಬಂದಳಿಕೆಯ ಹಳೆಯ ಹೆಸರು ಬಂದಣಿಕೆ. ಇಂದಿನ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಲವು ಊರುಗಳನ್ನು ಒಳಗೊಂಡಿದ್ದ ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ಇದು ಮುಖ್ಯ ಸ್ಥಳವಾಗಿತ್ತು. ಆ ನಾಡು ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ಪ್ರಾಂತ್ಯದ ಒಂದು ಭಾಗ. 10ನೇ ಶತಮಾನದ ಆರಂಭದಲ್ಲಿ ಇಡೀ ಪ್ರದೇಶ ಮಾನ್ಯಖೇಟದ ರಾಷ್ಟ್ರಕೂಟರ ಅಧೀನದಲ್ಲಿತ್ತು. ನೃಪತುಂಗನ ಮಗ ಇಮ್ಮಡಿ ಕೃಷ್ಣ ಆಗ ಚಕ್ರವರ್ತಿ. ಬನವಾಸಿ ಪ್ರಾಂತ್ಯವನ್ನು ಮಹಾಸಾಮಂತ ಕಲಿವಿಟ್ಟರಸ ನೋಡಿಕೊಳ್ಳುತ್ತಿದ್ದ.

ನಾಗರಖಂಡದ ನಾಳ್ಗಾವುಂಡನಾಗಿದ್ದವನು ಸತ್ತರಸ ನಾಗಾರ್ಜುನ. ನಾಳ್ಗಾವುಂಡ ಎಂದರೆ ನಾಡಿನ ಗೌಡ. ತೆರಿಗೆ ವಸೂಲಿ, ಊರುಗಳ ನೆಮ್ಮದಿ, ಅಗತ್ಯ ಬಿದ್ದಾಗ ಪಡೆ ಕೂಡಿಸುವುದು ಇಂಥವರ ಹೊಣೆ. ಅರಸನಿಗೂ ಹಳ್ಳಿಗೂ ನಡುವಿನ ಕೊಂಡಿಯಂತಿದ್ದ ಹುದ್ದೆ ಅದು. 911ರ ಸುಮಾರಿಗೆ ನಾಗಾರ್ಜುನ ತೀರಿಕೊಂಡ. ತೆರವಾದ ಸ್ಥಾನಕ್ಕೆ ಅರಸನ ಕಡೆಯಿಂದ ನೇಮಕಗೊಂಡವರು ಬೇರೆ ಯಾರೂ ಅಲ್ಲ, ಆತನ ಪತ್ನಿ ಜಕ್ಕಿಯಬ್ಬೆ.

ಆ ಕಾಲದಲ್ಲಿ ಹೆಂಗಸರು ಆಡಳಿತ ನಡೆಸಿದ ಉದಾಹರಣೆಗಳು ಇಲ್ಲದಿಲ್ಲ. ಮುಂದಿನ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಸೋದರಿ ಅಕ್ಕಾದೇವಿ ಕಿಸುಕಾಡು ಎಪ್ಪತ್ತನ್ನು ಆಳಿದಳು. ಇದೇ ನಾಗರಖಂಡದ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಬಸದಿ ಕಟ್ಟಿಸಿ ಹೆಸರಾದಳು. ಆದರೆ ಇವರೆಲ್ಲ ಅರಮನೆಗೆ ಸೇರಿದವರು. ಜಕ್ಕಿಯಬ್ಬೆ ರಾಜಕುಮಾರಿಯೂ ಅಲ್ಲ, ರಾಣಿಯೂ ಅಲ್ಲ. ನಾಡಗೌಡರ ಮನೆಯ ವಿಧವೆ. ಆಕೆಯ ನೇಮಕಕ್ಕೆ ಹೆಚ್ಚಿನ ಮಹತ್ವ ಬಂದಿರುವುದು ಈ ಕಾರಣದಿಂದಲೇ.

ಆಕೆಯ ಆಡಳಿತದ ಬಗ್ಗೆ ಬಂದಳಿಕೆಯ ಶಾಸನ ಮೆಚ್ಚುಗೆಯ ಮಾತುಗಳನ್ನಾಡಿದೆ. ಒಳ್ಳೆಯ ಆಡಳಿತದಲ್ಲಿ ಆಕೆ ನಿಪುಣೆ, ಜಿನಶಾಸನದಲ್ಲಿ ನಿಷ್ಠೆಯುಳ್ಳವಳು, ಹೆಣ್ಣಾಗಿದ್ದೂ ಪರಾಕ್ರಮದ ಹೆಮ್ಮೆಯಿಂದ ನಾಗರಖಂಡವನ್ನು ಕಾಪಾಡಿದವಳು ಎಂಬುದು ಅದರ ಸಾರಾಂಶ. ಹೊಗಳಿಕೆ ಶಾಸನಗಳ ರೂಢಿ ಎಂಬುದು ನಿಜ. ಆದರೆ ಗಂಡನ ಹೆಸರಿನಲ್ಲಿ ಅಧಿಕಾರಕ್ಕೆ ಬಂದ ಮಹಿಳೆಯನ್ನು ಆಕೆಯ ಸ್ವಂತ ಸಾಮರ್ಥ್ಯಕ್ಕಾಗಿ ಹೊಗಳಿರುವುದನ್ನು ಇಲ್ಲಿ ಗಮನಿಸಬೇಕು.

ಕೆಲವು ವರ್ಷಗಳ ಆಡಳಿತದ ನಂತರ ಆಕೆಯನ್ನು ಕಾಯಿಲೆ ಕಾಡಿತು. ಚೇತರಿಕೆಯ ಆಸೆ ಉಳಿಯದಾದಾಗ ಲೌಕಿಕ ಭೋಗಗಳಲ್ಲಿ ಸಾರವಿಲ್ಲವೆಂದು ಆಕೆಗೆ ತೋರಿತು. ಆಗ ಮಗಳನ್ನು ಕರೆಸಿಕೊಂಡು ತನ್ನ ಸಂಪತ್ತನ್ನು ಒಪ್ಪಿಸಿದಳು. ಆಸೆಯ ಸರಪಳಿ ಕಳಚಿಕೊಂಡು ಬಂದಣಿಕೆಯ ತೀರ್ಥಕ್ಕೆ ಬಂದಳು. ಅಲ್ಲಿ ಸಲ್ಲೇಖನ ವ್ರತ ಕೈಗೊಂಡು, ಅಂದರೆ ಹಂತಹಂತವಾಗಿ ಆಹಾರ ತ್ಯಜಿಸಿ, ದೇಹ ಬಿಟ್ಟಳು.

ಜಕ್ಕಿಯಬ್ಬೆಯ ಬದುಕಿನಲ್ಲಿ ಹೀಗೆ ಎರಡು ಹಸ್ತಾಂತರಗಳು ಕಾಣುತ್ತವೆ. ಮೊದಲನೆಯದು ಗಂಡನಿಂದ ತೆರವಾದ ಹುದ್ದೆ. ಅದು ದೊರೆತದ್ದು ಅರಸನ ಆಜ್ಞೆಯಿಂದ. ಎರಡನೆಯದು ಆಕೆಯ ಸ್ವಂತ ಸಂಪತ್ತು. ಅದನ್ನು ಯಾರ ಕೈಗೆ ಒಪ್ಪಿಸಬೇಕೆಂದು ತೀರ್ಮಾನಿಸಿದವಳು ಆಕೆಯೇ. ಗಂಡನ ನಂತರ ಹೆಂಡತಿ, ಹೆಂಡತಿಯ ನಂತರ ಮಗಳು ಎಂಬ ಈ ಕ್ರಮ ಕನ್ನಡ ನಾಡಿನ ಕಾನೂನಿನ ಚರಿತ್ರೆಗೂ ಹೊಸದಲ್ಲ. ಜಕ್ಕಿಯಬ್ಬೆಯ ನಂತರ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಮಿತಾಕ್ಷರ ಗ್ರಂಥ ರಚಿಸಿದ. ಗಂಡು ಮಕ್ಕಳಿಲ್ಲದೆ, ಅವಿಭಕ್ತ ಕುಟುಂಬದಿಂದ ಪಾಲಾಗಿ ಬಾಳಿದ ವ್ಯಕ್ತಿ ಸತ್ತರೆ ಆತನ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣು ಮಕ್ಕಳಿಗೆ ಸೇರಬೇಕೆಂಬ ಯಾಜ್ಞವಲ್ಕ್ಯ ಸ್ಮೃತಿಯ ಕ್ರಮವನ್ನು ಆತ ಎತ್ತಿಹಿಡಿದ. ಆದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಗಂಡು ಮಕ್ಕಳಿಗೆ ಮಾತ್ರ ಎಂಬ ನಿಯಮವೂ ಅದೇ ಗ್ರಂಥದ ಪರಂಪರೆಯಿಂದ ಬಂತು.

ಆ ನಿಯಮ ಬದಲಾಗಲು 20ನೇ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣು ಮಕ್ಕಳಿಗೂ ಸಮಪಾಲು ನೀಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ತಿದ್ದುಪಡಿ ಬಂದದ್ದು 2005ರಲ್ಲಿ. ಕಾನೂನು ಬಂದ ಮೇಲೂ ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ಹೆಣ್ಣು ಮಕ್ಕಳು ಇದ್ದೇ ಇದ್ದಾರೆ. ಇಂಥ ಹೊತ್ತಿನಲ್ಲಿ, ಸಾವಿರದ ನೂರು ವರ್ಷಗಳ ಹಿಂದೆ ಮಗಳನ್ನು ಕರೆಸಿ ಆಸ್ತಿ ಒಪ್ಪಿಸಿದ ತಾಯಿಯ ಸಂಗತಿ ಬರೀ ಹಳೆಯ ಕತೆ ಎನಿಸುವುದಿಲ್ಲ.

ಜಕ್ಕಿಯಬ್ಬೆಯ ಹೆಸರು ಉಳಿದದ್ದು ಒಂದು ಕಲ್ಲಿನಿಂದ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ ಅದರ ಪಾಠವಿದೆ. ಬಂದಳಿಕೆಗೆ ಹೋದವರು ಶಾಂತಿನಾಥ ಬಸದಿಯನ್ನೂ ತ್ರಿಮೂರ್ತಿ ನಾರಾಯಣ, ಸೋಮೇಶ್ವರ ದೇಗುಲಗಳನ್ನೂ ನೋಡಿ ಬರುತ್ತಾರೆ. ನಾಡಗೌಡಿಕೆ ನಡೆಸಿದ ಮಹಿಳೆಯೊಬ್ಬಳು ತನ್ನ ಕೊನೆಯ ದಿನಗಳನ್ನು ಕಳೆದದ್ದೂ ಇದೇ ಊರಿನಲ್ಲಿ.