ಗೊತ್ತಿಲ್ಲವೆಂದು ಒಪ್ಪಿಕೊಂಡ ಪಂಡಿತ: ಪುನೀತ ನಿಕೊಲಾಸ್ ಸ್ಟೆನೊ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಲಕ್ವ ಹೊಡೆದ ಹಿರಿಯರೊಬ್ಬರು ಇರಬಹುದು. ಸಂಜೆಯಾದರೆ ಮಕ್ಕಳನ್ನೆಲ್ಲ ಕೂರಿಸಿ ಜಪಸರ ಹೇಳಿಸುತ್ತಿದ್ದ ಅಪ್ಪ ಇಂದು ಹೆಂಡತಿಯ ಹೆಸರು ಹೇಳಲಾಗದೆ ತಡವರಿಸುತ್ತಾರೆ. ಜೀವಮಾನವಿಡೀ ಒಂದು ಕೆಟ್ಟ ಮಾತಾಡದ ಅಜ್ಜಿ ಸೊಸೆಯನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಇನ್ನೊಬ್ಬರು ಕಾರಣವಿಲ್ಲದೆ ಗೊಳೋ ಎಂದು ಅಳುತ್ತಾರೆ. ಮತ್ತೊಬ್ಬರು ತಟ್ಟೆಯ ಬಲಗಡೆಯ ಅನ್ನ ಮಾತ್ರ ಉಂಡು, ಎಡಗಡೆಯದನ್ನು ಹಾಗೆಯೇ ಬಿಟ್ಟು, ಊಟ ಸಾಲಲಿಲ್ಲ ಎನ್ನುತ್ತಾರೆ.

ಆಗ ನಿಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಣ್ಣದಲ್ಲ. ಇವರು ನಮ್ಮ ಅಪ್ಪನೇ ಹೌದೇ? ಇವರ ಆತ್ಮಕ್ಕೆ ಏನಾಯಿತು? ಇದು ಯಾವ ಪಾಪದ ಫಲ? ಇಂಥ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು, ಮೆದುಳನ್ನು ಕೈಯಾರೆ ಬಿಡಿಸಿ ನೋಡಿದ, ಕೊನೆಗೆ ಧರ್ಮಾಧ್ಯಕ್ಷರಾಗಿ ಬಡತನದಲ್ಲಿ ಕಣ್ಣುಮುಚ್ಚಿದ ಒಬ್ಬ ಪುನೀತರ ಬಾಳನ್ನು ಈ ವಾರ ತಿಳಿಯೋಣ ಬನ್ನಿ.

ಅಕ್ಕಸಾಲಿಗನ ಮಗ

ನಿಕೊಲಾಸ್ ಸ್ಟೆನೊ ಹುಟ್ಟಿದ್ದು 1638ರ ಜನವರಿಯಲ್ಲಿ, ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ. ತಾಯ್ನುಡಿಯಲ್ಲಿ ಅವರ ಹೆಸರು ನೀಲ್ಸ್ ಸ್ಟೆನ್ಸನ್. ತಂದೆ ಅಕ್ಕಸಾಲಿಗರು, ರಾಜನಿಗೂ ಒಡವೆ ಮಾಡಿಕೊಡುತ್ತಿದ್ದವರು. ಮನೆತನ ಲೂಥರನ್ ಪಂಥದ್ದು. ಮೂರು ವರ್ಷದ ಮಗುವಾಗಿದ್ದಾಗಲೇ ಕಾಯಿಲೆ ಹಿಡಿದು ಕೆಲವು ವರ್ಷ ಹಾಸಿಗೆಯಲ್ಲೇ ಕಳೆಯಬೇಕಾಯಿತು. ಆಟವಾಡುವ ವಯಸ್ಸಿನಲ್ಲಿ ದೊಡ್ಡವರ ಮಾತು ಕೇಳುತ್ತ ಬೆಳೆದ ಮಗು ಅದು. ಕಾಯಿಲೆ ಬಿಟ್ಟಿತು ಎನ್ನುವಷ್ಟರಲ್ಲಿ ತಂದೆ ತೀರಿಕೊಂಡರು. ಮುಂದೆ ನಗರಕ್ಕೆ ಪ್ಲೇಗ್ ಬಂದಾಗ ಅವರ ಶಾಲೆಯ ನೂರಾರು ಮಕ್ಕಳು ಸತ್ತರು. ಸಾವನ್ನೂ ನೋವನ್ನೂ ಇಷ್ಟು ಹತ್ತಿರದಿಂದ ಕಂಡ ಹುಡುಗ ವೈದ್ಯಶಾಸ್ತ್ರ ಕಲಿಯಲು ಹೊರಟದ್ದು ಆಶ್ಚರ್ಯವೇನಲ್ಲ.

1660ರಲ್ಲಿ ಅವರು ಹಾಲೆಂಡಿಗೆ ಹೋದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಕುರಿಯ ತಲೆಯನ್ನು ತಂದು ಕೊಯ್ದು ನೋಡುತ್ತಿದ್ದಾಗ, ಕೆನ್ನೆಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ಹರಿಸುವ ಸಣ್ಣ ನಾಳವೊಂದು ಅವರ ಕಣ್ಣಿಗೆ ಬಿತ್ತು. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಆ ನಾಳವನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಆಗ ಅವರಿಗೆ 22 ವರ್ಷ. ನಾಲ್ಕು ವರ್ಷಗಳ ನಂತರ, ಹೃದಯವೂ ಕೈಕಾಲುಗಳಲ್ಲಿರುವಂಥ ಸ್ನಾಯುವೇ ಹೊರತು ಬೇರೇನೂ ಅಲ್ಲ ಎಂದು ಬರೆದರು. ಹೃದಯವೇ ದೇಹದ ಕಾವಿನ ಒಲೆ, ಪ್ರಾಣದ ಗದ್ದುಗೆ ಎಂದು ನಂಬಿದ್ದ ಹಲವರಿಗೆ ಇದು ಹಿಡಿಸಲಿಲ್ಲ. ಆದರೆ ಸ್ಟೆನೊ ಕಂಡದ್ದನ್ನು ಕಂಡಂತೆ ಹೇಳುವವರು.

ಪ್ಯಾರಿಸಿನ ಆ ಭಾಷಣ

1665ರಲ್ಲಿ ಪ್ಯಾರಿಸ್ ನಗರದಲ್ಲಿ, ತೆವೆನೊ ಎಂಬ ವಿದ್ಯಾಪ್ರೇಮಿಯ ಮನೆಯಲ್ಲಿ ಪಂಡಿತರ ಕೂಟವೊಂದು ಸೇರುತ್ತಿತ್ತು. ಅಲ್ಲಿ ಮೆದುಳಿನ ಬಗ್ಗೆ ಮಾತಾಡಲು ಈ 27ರ ತರುಣನನ್ನು ಕೇಳಿಕೊಂಡರು. ಸ್ಟೆನೊ ಎದ್ದು ನಿಂತು ಮೊದಲಿಗೆ ಹೇಳಿದ್ದೇನು ಗೊತ್ತೇ? ಮೆದುಳಿನ ವಿಷಯ ತನಗೇನೂ ಗೊತ್ತಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಜಗತ್ತನ್ನೆಲ್ಲ ಹುಡುಕುವ ನಮ್ಮ ಮನಸ್ಸಿಗೆ ತಾನು ಬಳಸುವ ಉಪಕರಣವೇ ಅಪರಿಚಿತವಾಗಿದೆ ಎಂಬುದು ಅವರ ಮಾತಿನ ಸಾರ.

ಆ ಕಾಲದಲ್ಲಿ ಡೇಕಾರ್ಟ್ ಎಂಬ ಮಹಾ ತತ್ವಜ್ಞಾನಿಯ ಹೆಸರು ಎಲ್ಲರ ಬಾಯಲ್ಲಿತ್ತು. ಮೆದುಳಿನ ನಡುವೆ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿದೆ, ಆತ್ಮ ಅಲ್ಲಿಂದಲೇ ದೇಹವನ್ನು ನಡೆಸುತ್ತದೆ, ಗ್ರಂಥಿ ಅತ್ತಿತ್ತ ಬಾಗಿ ನರಗಳಿಗೆ ಅಪ್ಪಣೆ ಕೊಡುತ್ತದೆ ಎಂದು ಅವರು ಬರೆದಿದ್ದರು. ಸ್ಟೆನೊ ಡೇಕಾರ್ಟರನ್ನು ಗೌರವಿಸುತ್ತಿದ್ದರು. ಆದರೂ ಆ ಗ್ರಂಥಿ ಸುತ್ತಲಿನ ಭಾಗಗಳಿಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಅದು ಹಾಗೆ ಬಾಗಲಾರದು ಎಂದು ತೋರಿಸಿಕೊಟ್ಟರು.

ಇದರಿಂದ ನಮ್ಮ ವಿಶ್ವಾಸಕ್ಕೆ ಕುಂದು ಬಂತೇ? ಇಲ್ಲ. ಆತ್ಮ ದೇಹದ ಯಾವುದೋ ಒಂದು ಮೂಲೆಯಲ್ಲಿ ಕೂತಿಲ್ಲ, ಇಡೀ ದೇಹದಲ್ಲಿ ಪೂರ್ಣವಾಗಿ ನೆಲೆಸಿದೆ ಎಂದು ಸಂತ ತೋಮಸ್ ಅಕ್ವಿನಾಸರು ಅದಕ್ಕೂ ನಾಲ್ಕು ಶತಮಾನಗಳ ಹಿಂದೆಯೇ ಕಲಿಸಿದ್ದರು. ಆತ್ಮಕ್ಕೆ ಒಂದು ಗ್ರಂಥಿಯ ಆಸರೆ ಬೇಕಾಗಿರಲಿಲ್ಲ.

ಹಾಗಾದರೆ ಮೆದುಳನ್ನು ಅರಿಯುವ ದಾರಿ ಯಾವುದು? ಸ್ಟೆನೊ ಅದನ್ನೂ ಹೇಳಿದರು. ಮೆದುಳಿನೊಳಗಿನ ಬಿಳಿಯ ಭಾಗ ಬರೀ ಮೇಣದಂಥ ಮುದ್ದೆಯಲ್ಲ, ಅದು ಎಳೆಎಳೆಯಾಗಿದೆ. ಆ ಎಳೆಗಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತವೆ ಎಂದು ಹಿಂಬಾಲಿಸಬೇಕು. ನಮ್ಮ ಅನಿಸಿಕೆ, ನಮ್ಮ ಚಲನೆ ಇವುಗಳ ವೈವಿಧ್ಯವೆಲ್ಲ ಆ ಎಳೆಗಳ ಜೋಡಣೆಯನ್ನು ಅವಲಂಬಿಸಿದೆ. ಆದರೆ ಮೆದುಳು ಗಿಣ್ಣಿನಂತೆ ಮೆತ್ತಗಿನ ವಸ್ತು. ಕತ್ತಿ ತಾಗಿದರೆ ಎಳೆ ಹರಿದುಹೋಗುತ್ತದೆ. ಆದ್ದರಿಂದ ಆತುರಪಟ್ಟು ಕಥೆ ಕಟ್ಟಬೇಡಿ, ತಾಳ್ಮೆಯಿಂದ ನೋಡಿ ಎಂದು ಅವರು ಪಂಡಿತರನ್ನು ಬೇಡಿಕೊಂಡರು. ಈ ಭಾಷಣ 1669ರಲ್ಲಿ ಪುಸ್ತಕವಾಗಿ ಅಚ್ಚಾಯಿತು.

ಎಳೆಗಳ ಗುಟ್ಟು

ಆ ಎಳೆಗಳ ಮಹತ್ವ ಜಗತ್ತಿಗೆ ತಿಳಿಯಲು ಬಹಳ ಕಾಲ ಹಿಡಿಯಿತು. 1861ರಲ್ಲಿ ಪ್ಯಾರಿಸಿನ ಬಳಿಯ ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿದ್ದ. ಅವನಿಗೆ ಮಾತು ಅರ್ಥವಾಗುತ್ತಿತ್ತು, ಆದರೆ ಇಪ್ಪತ್ತು ವರ್ಷಗಳಿಂದ ಅವನ ಬಾಯಿಂದ ಟಾನ್ ಎಂಬ ಒಂದೇ ಶಬ್ದ ಹೊರಡುತ್ತಿತ್ತು. ಅವನು ಸತ್ತ ಮೇಲೆ ಡಾಕ್ಟರ್ ಪಾಲ್ ಬ್ರೋಕಾ ತಲೆ ತೆರೆದು ನೋಡಿದರೆ, ಎಡಗಡೆಯ ಹಣೆಯ ಹಿಂದಿನ ಮೆದುಳಿನ ಒಂದು ಭಾಗ ಹಾಳಾಗಿತ್ತು. ಮಾತಿನ ನೆಲೆ ಸಿಕ್ಕಿತೆಂದು ಎಲ್ಲರೂ ಅಂದುಕೊಂಡರು. ಆ ಮೆದುಳನ್ನು ಪ್ಯಾರಿಸಿನಲ್ಲಿ ಕಾಪಾಡಿ ಇಟ್ಟಿದ್ದರು. 2007ರಲ್ಲಿ ಸ್ಕ್ಯಾನ್ ಮಾಡಿ ನೋಡಿದಾಗ, ಹಾನಿ ಮೇಲ್ಭಾಗದಲ್ಲಿ ಮಾತ್ರವಲ್ಲ, ಒಳಗಿನ ಬಿಳಿ ಎಳೆಗಳ ಆಳದವರೆಗೂ ಹೋಗಿತ್ತೆಂದು ತಿಳಿಯಿತು. ಸ್ಟೆನೊ ಹುಡುಕಿ ಎಂದಿದ್ದು ಅವೇ ಎಳೆಗಳನ್ನು!

ಇದನ್ನು ಹೀಗೆ ತಿಳಿಯಿರಿ. ಎಲ್ಲೋ ದೂರದ ರಸ್ತೆಯಲ್ಲಿ ಮರ ಬಿದ್ದು ವಿದ್ಯುತ್ ತಂತಿ ಕಡಿದರೆ ನಿಮ್ಮ ಮನೆಯ ದೀಪ ಆರುತ್ತದೆ. ನಿಮ್ಮ ಬಲ್ಬು ಕೆಟ್ಟಿಲ್ಲ, ಸ್ವಿಚ್ಚೂ ಸರಿಯಿದೆ. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮಾತು, ನೆನಪು, ಸಿಟ್ಟು ತಡೆಯುವ ಶಕ್ತಿ ಇವೆಲ್ಲ ಒಂದೊಂದು ಗೂಡಿನಲ್ಲಿ ಇಟ್ಟ ವಸ್ತುಗಳಲ್ಲ. ದೂರದೂರದ ಭಾಗಗಳು ಎಳೆಗಳ ಮೂಲಕ ಕೂಡಿ ಮಾಡುವ ಕೆಲಸ. ರಕ್ತನಾಳ ಕಟ್ಟಿ ಒಂದೆಡೆ ಪೆಟ್ಟಾದರೆ ಅದರ ನಂಟಿನ ಇತರ ಭಾಗಗಳೂ ಮಂಕಾಗುತ್ತವೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಿಗೆ ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಲೋಕ ಗಮನಕ್ಕೇ ಬಾರದೆ ಹೋಗಬಹುದು. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ನಾಲಿಗೆಗೆ ಹಾಕಿದ್ದ ಕಡಿವಾಣ ಸಡಿಲವಾಗುತ್ತದೆ.

ಆದರೆ ಕಡಿದ ದಾರಿಗೆ ಬಳಸುದಾರಿ ಹುಡುಕುವ ಶಕ್ತಿಯನ್ನೂ ದೇವರು ಮೆದುಳಿಗೆ ಕೊಟ್ಟಿದ್ದಾರೆ. 1848ರಲ್ಲಿ ಅಮೆರಿಕದ ರೈಲ್ವೆ ಕೆಲಸದ ಮೇಸ್ತ್ರಿ ಫಿನಿಯಸ್ ಗೇಜ್ ಎಂಬಾತನ ತಲೆಯನ್ನು ಕಬ್ಬಿಣದ ಸಲಾಕೆಯೊಂದು ತೂರಿಕೊಂಡು ಹೋಯಿತು. ಬದುಕಿದ, ಆದರೆ ಸ್ವಭಾವ ಬದಲಾಯಿತು. ಒರಟಾದ, ಚಂಚಲನಾದ ಎಂದು ಅವನ ವೈದ್ಯರು ಬರೆದಿಟ್ಟರು. ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆ ಬಂಡಿ ಓಡಿಸಿ ಜೀವನ ಮಾಡಿದ. ಮುಗಿಯಿತೆಂದು ಯಾರನ್ನೂ ಬೇಗ ಕೈಬಿಡಬಾರದು.

ಮೆರವಣಿಗೆಯ ಮುಂದೆ

ಮತ್ತೆ ಸ್ಟೆನೊರವರ ಬಳಿಗೆ ಬರೋಣ. 1666ರಲ್ಲಿ ಅವರು ಇಟಲಿಯ ಫ್ಲಾರೆನ್ಸಿಗೆ ಬಂದು ಅಲ್ಲಿನ ದೊರೆಯ ಆಶ್ರಯ ಪಡೆದರು. ಅಲ್ಲಿ ಒಂದು ಶಾರ್ಕ್ ಮೀನಿನ ತಲೆಯನ್ನು ಪರೀಕ್ಷಿಸಿದರು. ಬೆಟ್ಟಗಳಲ್ಲಿ ಸಿಗುವ ಕೆಲವು ವಿಚಿತ್ರ ಕಲ್ಲುಗಳು ಹಿಂದೊಮ್ಮೆ ಬದುಕಿದ್ದ ಇಂಥ ಮೀನುಗಳ ಹಲ್ಲುಗಳೇ ಎಂದು ತೋರಿಸಿ ಭೂವಿಜ್ಞಾನಕ್ಕೆ ಅಡಿಪಾಯ ಹಾಕಿದರು.

ಅದೇ ವರ್ಷ ಲಿವೋರ್ನೊ ಪಟ್ಟಣದಲ್ಲಿ ಪರಮ ಪ್ರಸಾದದ ಹಬ್ಬದ ಮೆರವಣಿಗೆ ಅವರ ಕಣ್ಣಮುಂದೆ ಸಾಗಿತು. ಜನ ಮೊಣಕಾಲೂರುತ್ತಿದ್ದರು. ಸ್ಟೆನೊ ನಿಂತು ಯೋಚಿಸಿದರು: ಇದು ಬರೀ ರೊಟ್ಟಿಯಾದರೆ ಇವರೆಲ್ಲ ಮೂಢರು, ನಿಜವಾಗಿ ಕ್ರಿಸ್ತರ ಶರೀರವಾದರೆ ನಾನೇಕೆ ತಲೆಬಾಗುತ್ತಿಲ್ಲ? ಮೆದುಳಿನ ವಿಷಯದಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. ಅವರು ಆತುರಪಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಓದಿದರು, ಕೇಳಿದರು, ಪ್ರಾರ್ಥಿಸಿದರು. ಕನ್ಯಾಮಠದ ಔಷಧಾಲಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಮರಿಯಾ ಫ್ಲಾವಿಯಾ ಅವರಿಗೆ ದಾರಿ ತೋರಿದವರಲ್ಲಿ ಒಬ್ಬರು. ಔಷಧ ಕೊಳ್ಳಲು ಬಂದ ವೈದ್ಯ ವಿಶ್ವಾಸವನ್ನು ಪಡೆದುಕೊಂಡು ಹೋದರು. 1667ರ ನವೆಂಬರಿನಲ್ಲಿ ಅವರು ಕಥೋಲಿಕ ಧರ್ಮಸಭೆಗೆ ಸೇರಿದರು.

1669ರಲ್ಲಿ ಇನ್ಸ್‌ಬ್ರುಕ್‌ನಲ್ಲಿದ್ದಾಗ, ತಲೆಯಲ್ಲಿ ನೀರು ತುಂಬಿಕೊಂಡು ಹುಟ್ಟಿದ ಕರುವೊಂದನ್ನು ನೋಡಿದರು. ಅಂಥ ಕರು ಹುಟ್ಟಿದರೆ ಅಪಶಕುನವೆಂದು ಜನ ಹೆದರುತ್ತಿದ್ದ ಕಾಲವದು. ಸ್ಟೆನೊ ತಲೆಯನ್ನು ಬಿಡಿಸಿ ನೋಡಿ, ನೀರು ತುಂಬಿ ಮೆದುಳು ಹಾಳಾದ ಬಗೆಯನ್ನು ಒಂದು ಕಾಯಿಲೆಯಾಗಿ ವಿವರಿಸಿ ಫ್ಲಾರೆನ್ಸಿನ ದೊರೆಗೆ ಪತ್ರ ಬರೆದರು. ಈ ಪುಟ್ಟ ಘಟನೆಯನ್ನು ಮರೆಯಬೇಡಿ. ಜನರು ಶಾಪ ಕಾಣುವಲ್ಲಿ ಅವರು ಕಾಯಿಲೆ ಕಂಡರು.

ಉಂಗುರ ಮಾರಿದ ಧರ್ಮಾಧ್ಯಕ್ಷರು

1675ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಎರಡೇ ವರ್ಷಗಳಲ್ಲಿ ಜಗದ್ಗುರುಗಳು ಅವರನ್ನು ಧರ್ಮಾಧ್ಯಕ್ಷರನ್ನಾಗಿ ನೇಮಿಸಿ, ಚದರಿಹೋಗಿದ್ದ ಉತ್ತರ ಯೂರೋಪಿನ ಕಥೋಲಿಕರನ್ನು ನೋಡಿಕೊಳ್ಳಲು ಕಳುಹಿಸಿದರು. ಹ್ಯಾನೋವರ್, ಮ್ಯೂನ್‌ಸ್ಟರ್, ಹ್ಯಾಂಬರ್ಗ್, ಕೊನೆಗೆ ಶ್ವೆರಿನ್. ಮ್ಯೂನ್‌ಸ್ಟರಿನಲ್ಲಿ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣದ ಆಟ ನಡೆದಾಗ ಒಪ್ಪದೆ ಊರು ಬಿಟ್ಟು ನಡೆದರು. ಬಡವರಿಗಾಗಿ ತಮ್ಮ ಉಂಗುರವನ್ನೂ ಎದೆಯ ಶಿಲುಬೆಯನ್ನೂ ಮಾರಿದರು. ಹಳೆಯ ಮೇಲಂಗಿ ಹೊದ್ದು, ಉಪವಾಸವಿದ್ದು, ಸಾಮಾನ್ಯ ಗುರುವಿನಂತೆ ದುಡಿದರು. 1686ರ ಡಿಸೆಂಬರ್ 5ರಂದು, ತೀವ್ರ ಹೊಟ್ಟೆನೋವಿನಿಂದ ನರಳಿ, 48ನೇ ವಯಸ್ಸಿಗೆ ಶ್ವೆರಿನಿನಲ್ಲಿ ತೀರಿಕೊಂಡರು. ಅವರ ದೇಹವನ್ನು ಫ್ಲಾರೆನ್ಸಿಗೆ ಒಯ್ದು ಸಂತ ಲೊರೆಂಜೊ ದೇವಾಲಯದಲ್ಲಿ ಸಮಾಧಿ ಮಾಡಲಾಯಿತು. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಪುನೀತರೆಂದು ಘೋಷಿಸಿದರು.

ನಮ್ಮ ಮನೆಗೆ ಅವರ ಪಾಠ

ಪ್ರಿಯ ಓದುಗರೇ, ಈಗ ನಿಮ್ಮ ಮನೆಯ ಆ ಹಾಸಿಗೆಯ ಬಳಿಗೆ ಮರಳಿ ಬನ್ನಿ. ಬೈಯುವ ಅಜ್ಜಿ ಕೆಟ್ಟವರಾಗಲಿಲ್ಲ; ಅವರ ಮೆದುಳಿನಲ್ಲಿ ಒಂದು ತಂತಿ ಕಡಿದಿದೆ. ತಿಳಿದು, ಮನಸಾರೆ ಒಪ್ಪಿ ಮಾಡಿದ್ದೇ ಮಾರಕ ಪಾಪವೆಂದು ಧರ್ಮಸಭೆ ಕಲಿಸುತ್ತದೆ. ರೋಗ ತಂದ ಮಾತಿನ ಲೆಕ್ಕವನ್ನು ಅವರ ತಲೆಗೆ ಕಟ್ಟಬೇಡಿ. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲವೆಂದು ಯೇಸುಸ್ವಾಮಿ ತಿಳಿಸಿದ್ದನ್ನು ಶುಭಸಂದೇಶದಲ್ಲಿ ಓದಿದ್ದೀರಿ.

ಮೊದಲ ಕೆಲಸ ಆಸ್ಪತ್ರೆಯದು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತು ಬಿದ್ದರೆ, ಮಾತು ತೊದಲಿದರೆ ಪಾರಿವಾಳದ ರಕ್ತ ಹಚ್ಚುತ್ತ ಕೂರಬೇಡಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮನೆಗೆ ಬಂದ ಮೇಲೆ ವ್ಯಾಯಾಮ, ಮಾತಿನ ಅಭ್ಯಾಸ ಬಿಡದೆ ಮಾಡಿಸಿ. ಸ್ಟೆನೊರವರ ತಾಳ್ಮೆ ಬೇಕಾಗುವುದು ಇಲ್ಲಿಯೇ. ನಿಮ್ಮ ವಿಚಾರಣಾ ಗುರುಗಳನ್ನು ಕರೆದು ರೋಗಿಗಳ ಅಭ್ಯಂಗ ಸಂಸ್ಕಾರವನ್ನೂ ಕೊಡಿಸಿ. ಅದು ಸಾಯುವವರಿಗೆ ಮಾತ್ರ ಮೀಸಲಲ್ಲ.

ಇನ್ನೊಂದು ಮಾತು. ಲಕ್ವ ಹೊಡೆದು ಒಂದು ವಾಕ್ಯವನ್ನೂ ಆಡಲಾಗದ ಎಷ್ಟೋ ಮಂದಿ, ಚಿಕ್ಕಂದಿನಿಂದ ಬಾಯಿಪಾಠವಾದ ಪ್ರಾರ್ಥನೆಯನ್ನೋ ಹಾಡನ್ನೋ ಇತರರ ಜೊತೆ ಸೇರಿ ಹೇಳಬಲ್ಲರು. ಹೊಸ ಮಾತು ಕಟ್ಟುವ ದಾರಿ ಬೇರೆ, ರೂಢಿಯಾದ ಮಾತು ಹರಿಯುವ ದಾರಿ ಬೇರೆ ಎಂದು ವೈದ್ಯರು ಬಲ್ಲರು. ಆದ್ದರಿಂದ ಇಂದು ಸಂಜೆ ಅಪ್ಪನ ಹಾಸಿಗೆಯ ಪಕ್ಕದಲ್ಲೇ ಕುಳಿತು ನಿಧಾನವಾಗಿ ಜಪಸರ ಹೇಳಿ. ನಿಮ್ಮ ಹೆಸರು ಬಾರದ ಅವರ ಬಾಯಲ್ಲಿ ನಮೋ ಮರಿಯಾ ಜಪ ಬಂದರೂ ಬರಬಹುದು. ಬಾರದಿದ್ದರೆ ಬೇಸರಪಡಬೇಡಿ. ಲಕ್ವದ ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಡಿನ ಮೇಲಿಂದ ಯೇಸುಸ್ವಾಮಿಯ ಮುಂದೆ ಇಳಿಸಿದರಲ್ಲ? ಆ ರೋಗಿ ಏನು ಬೇಡಿದನೆಂದು ಶುಭಸಂದೇಶ ಹೇಳುವುದಿಲ್ಲ. ಹೊತ್ತು ತಂದವರ ವಿಶ್ವಾಸವನ್ನು ಪ್ರಭು ಕಂಡರು. ನಿಮ್ಮ ಮನೆಯಲ್ಲಿ ಆ ನಾಲ್ವರು ನೀವೇ.

ಪುನೀತ ನಿಕೊಲಾಸ್ ಸ್ಟೆನೊ, ಮಾತು ಕಳೆದುಕೊಂಡ ನಮ್ಮ ಹಿರಿಯರಿಗಾಗಿಯೂ, ಅವರನ್ನು ನೋಡಿಕೊಂಡು ದಣಿದ ಮನೆಮಂದಿಗಾಗಿಯೂ ಪ್ರಾರ್ಥಿಸಿರಿ.